ಇಪ್ಪತ್ತನೇ ಬಾಗಿಲು

ಮಂಗಳವಾರ, ಹದಿನಾಲ್ಕನೇ ತಾರೀಖು
ಸಂಜೆ ಆರೂವರೆ

ಪ್ರೀತಿಯ ಮೈದುನನಿಗೆ ಅತ್ತಿಗೆಯ ಆಶೀರ್ವಾದಗಳು.

ಬೆಳಿಗ್ಗೆ ಬಟ್ಟೆ ಒಗೆದೆ, ಮಧ್ಯಾಹ್ನ ವಿಶ್ವವಿದ್ಯಾಲಯದವರು ಬಂದು ಹೋದರು, ಈಗ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ನಿಮ್ಮಣ್ಣ ತೀರಿಹೋದಾಗ ನೀನು ಬರೆದ ಕಾಗದಕ್ಕೆ ನಾಲ್ಕು ತಿಂಗಳಾದರೂ ಉತ್ತರ ಕೊಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ದಿನಚರಿಯಲ್ಲಿ ಎರಡು ಸಾಲು ಗೀಚುವಷ್ಟರಲ್ಲಿ ಸಾಕಾಗುತ್ತಿತ್ತು. ಇಂದು ಸಿಟ್ಟು ಬಂದಿದೆ, ಅದಕ್ಕೇ ಪೆನ್ನು ಓಡುತ್ತಿದೆ.

ನಿನಗೆ ನೆನಪಿರಬಹುದು. ಹನ್ನೊಂದು ವರ್ಷದ ಹಿಂದೆ ಸಮಾಜಶಾಸ್ತ್ರ ವಿಭಾಗದವರು ನಮ್ಮ ಬೀದಿಯಲ್ಲಿ ಪ್ರತಿ ಇಪ್ಪತ್ತನೇ ಬಾಗಿಲು ತಟ್ಟಿದರು. ಕಾಲ ಬದಲಾದ ಹಾಗೆ ಸಂಸಾರಗಳು ಹೇಗೆ ಬದಲಾಗುತ್ತವೆ ಎಂದು ತಿಳಿಯಲು ವರ್ಷ ವರ್ಷವೂ ಅದೇ ಮನೆ, ಅದೇ ಪ್ರಶ್ನೆಗಳು. ಲಿಫ್ಟ್ ರಿಪೇರಿಯ ಕೆಲಸ ಎಷ್ಟೇ ಇರಲಿ, ನಿಮ್ಮಣ್ಣ ಆ ದಿನ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಫೋಟೋಕ್ಕೆ ಕೂತವರ ಹಾಗೆ ಕುರ್ಚಿಯಲ್ಲಿ ಕೂರುತ್ತಿದ್ದರು. ವಿಭಾಗದಿಂದ ಬಂದ ಹುಡುಗಿ ಕೇಳುವುದು, ಇವರು ಅಡುಗೆಮನೆಯತ್ತ ಕತ್ತು ತಿರುಗಿಸುವುದು.

"ಏ ಇವಳೇ, ದಿನಕ್ಕೆ ಟೀವಿ ಎಷ್ಟು ಹೊತ್ತು ನೋಡ್ತೀವಿ?"

"ನೀವು ಮೂರು ಗಂಟೆ ಟೀವಿ ನೋಡ್ತೀರಿ. ನಾನು ನಿಮ್ಮನ್ನ ನೋಡ್ತೀನಿ."

ಅವಳು ನಕ್ಕು 'ಮೂರು' ಎಂದು ಬರೆದುಕೊಳ್ಳುತ್ತಿದ್ದಳು. ಅರ್ಧಕ್ಕರ್ಧ ಉತ್ತರ ನನ್ನವೇ.

ಮೊದಲ ವರ್ಷ ಚಪ್ಪಲಿ ಕಿತ್ತುಹೋಗಿ, ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದ ಆ ಹುಡುಗಿ ಈಗ ಪ್ರೊಫೆಸರ್ ಮೇಡಂ. ಇಂದು ವಿಷಯ ಕೇಳಿ ಕಣ್ಣೊರೆಸಿಕೊಂಡಳು, ಸುಳ್ಳು ಹೇಳಬಾರದು. ಆಮೇಲೆ ಹೇಳಿದಳು, "ಹಾಗಾದ್ರೆ ಈ ಮನೇನ ಪಟ್ಟಿಯಿಂದ ತೆಗೀಬೇಕಾಗತ್ತೆ ಅಮ್ಮ. ಬದಲಿಗೆ ಕೆಳಗಿನ ಮನೆಯವರನ್ನ ತಗೋತೀವಿ."

"ಮನೆ ಎಲ್ಲಿಗೂ ಹೋಗಿಲ್ಲವಲ್ಲ ತಾಯಿ. ನಾನೂ ಇಲ್ಲೇ ಇದೀನಿ."

"ಉತ್ತರ ಕೊಡ್ತಿದ್ದವರು ಯಜಮಾನರು. ನೀವು ಪಟ್ಟಿಯಲ್ಲಿಲ್ಲ."

"ಹನ್ನೊಂದು ವರ್ಷ ಅಡುಗೆಮನೆಯಿಂದ ಕೂಗಿದ್ದು ಯಾರು, ಗೋಡೆನಾ?"

ನಾನು ದನಿ ಎತ್ತುವವಳಲ್ಲ, ನಿನಗೆ ಗೊತ್ತು. ಇಂದು ಕೆಳಗಿನ ಮನೆಗೂ ಕೇಳಿಸಿತಂತೆ. ಏನು ಬದಲಾಯಿತು, ಏನು ಬದಲಾಯಿತು ಎಂದು ಊರೆಲ್ಲ ಕೇಳಿಕೊಂಡು ತಿರುಗುತ್ತಾರೆ; ಗಂಡ ಸತ್ತವಳ ಬದುಕಿನಲ್ಲಿ ಬದಲಾದದ್ದನ್ನು ಬರೆಯಲು ಜಾಗವಿಲ್ಲವಂತೆ. ಹೋಗಲಿ, ನಿಮ್ಮಣ್ಣನ ಉತ್ತರಗಳದ್ದಾದರೂ ಒಂದು ಪ್ರತಿ ಕೊಡು ಎಂದೆ. ಅದು ಗೌಪ್ಯ, ಹೆಂಡತಿಗೂ ಕೊಡುವಂತಿಲ್ಲ ಎಂದಳು. ನನ್ನ ಬಾಯಿಂದ ಬಂದ ಮಾತು ನನಗೇ ಗೌಪ್ಯ.

ಇರಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಮಕ್ಕಳು ಚೆನ್ನಾಗಿರಲಿ, ನೀನೂ ನಿನ್ನವಳೂ ನೂರು ಕಾಲ ಬಾಳಿ.

ನಿನ್ನ ಅತ್ತಿಗೆ

ಇನ್ನೊಂದು ಮಾತು. ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪ್ರತಿ ವರ್ಷ ಒಂದು ಪ್ರಶ್ನೆಯ ಹೊತ್ತಿಗೆ ಮಾತ್ರ ನಿಮ್ಮಣ್ಣ, "ಮೇಡಂಗೆ ಕುಡಿಯೋಕೆ ನೀರು ತಗೊಂಡು ಬಾ" ಎನ್ನುತ್ತಿದ್ದರು. ಹನ್ನೊಂದು ಸಲ ನೀರು ತಂದೆ. ಇಂದು ಮೇಡಂ ಅರ್ಧ ಮೆಟ್ಟಿಲು ಇಳಿದವಳು ವಾಪಸ್ ಬಂದಳು. ಆ ಒಂದು ಪುಟ ತೆರೆದು ತನ್ನ ಟ್ಯಾಬ್ ನನ್ನ ಕೈಗಿಟ್ಟಳು. 'ಕಷ್ಟ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ?' ಹನ್ನೊಂದು ವರ್ಷವೂ ಒಂದೇ ಉತ್ತರ: ತಮ್ಮನಿಗೆ. ಅಪ್ಪನ ಆಪರೇಷನ್ ಬೇಕು, ಬೇಡ ಎಂದು ಜಗಳವಾಡಿ ನೀವಿಬ್ಬರೂ ಮುಖ ನೋಡದ ಏಳು ವರ್ಷಗಳಲ್ಲೂ ಅದೇ. ಎದೆ ನೋಯುತ್ತಿದೆ ಎಂದು ನಿನಗೆ ಒಂದು ಸಲವೂ ಹೇಳಲಿಲ್ಲ. ಪಕ್ಕದಲ್ಲೇ ಮಲಗಿದ್ದ ನನಗೂ ಹೇಳಲಿಲ್ಲ. ಈಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ, ನೀನೇ ಹೇಳು.

ನಾಳೆ ಹತ್ತು ಗಂಟೆಗೆ ಕೆಳಗಿನ ಮನೆಯ ಟೈಲರ್‌ಗೆ ಪ್ರಶ್ನೆ ಕೇಳುತ್ತಾರೆ. ಅವನ ಮನೆಯಲ್ಲಿ ಒಂದು ಕುರ್ಚಿ ಕಡಿಮೆ ಇದೆಯಂತೆ. ನಿಮ್ಮಣ್ಣನದನ್ನು ಒಯ್ಯಲು ಒಂಬತ್ತಕ್ಕೆ ಬರುತ್ತಾನೆ.