ಎಸಿಯ ಬಿಸಿಗಾಳಿ

ತಿಹೊಮಿರ್,

ಬೀನ್ಸ್ ಸಾರು ಫ್ರಿಜ್ಜಿನಲ್ಲಿದೆ. ನಿನ್ನ ಕೋಣೆಯ ಚಕ್ರದ ಎಸಿಯ ನೀರಿನ ಡಬ್ಬ ತುಂಬಿದೆ, ನೀನೇ ಎದ್ದು ಚೆಲ್ಲು.

"ಕಿಟಕಿ ತೆಗೆದ್ರೆ ಗಾಳಿ ಹೊಡೆದು ಕುತ್ತಿಗೆ ಹಿಡ್ಕೊಳ್ಳುತ್ತೆ ಕಣೇ" ಅನ್ನುತ್ತಿದ್ದೆಯಲ್ಲ, ಕಿಟಕಿಯಿಂದ ಹೊರಗೆ ಬಿಡಬೇಕಾದ ಎಸಿಯ ಬಿಸಿಗಾಳಿಯ ಕೊಳವೆಯನ್ನು ಎಲ್ಲಿಗೆ ಬಿಟ್ಟಿದ್ದೀಯೆಂದು ಇವತ್ತು ಕಪಾಟು ಸರಿಸಿ ನೋಡಿದೆ. ಗೋಡೆಯ ಹಳೇ ಹೊಗೆಕಿಂಡಿಯಿಂದ ನನ್ನ ಅಮ್ಮನ ಕೋಣೆಗೆ! ಅಲ್ಲಿ ಸಂತ ನಿಕೊಲನ ಪಟದ ಮುಂದಿನ ಮೇಣದಬತ್ತಿ ಹಚ್ಚದೆಯೇ ಬಾಗಿಹೋಗಿದೆ. ಅಮ್ಮನೋ, "ಅಳಿಯಂದ್ರಿಗೆ ಏನೂ ಅನ್ಬೇಡ, ಪಾಪ, ಅವ್ರಿಗೆ ಸೆಕೆ ತಡೆಯೋಕಾಗಲ್ಲ" ಅಂದಳು.

ಅವಳನ್ನು ನೋವಿ ಸಾದ್‌ನಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೊರಟಿದ್ದೇನೆ. ಎಸಿ ನಿನಗೇ ಇರಲಿ. ಕೊಳವೆಯನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಇನ್ನು ಅದು ಉಗುಳುವ ಬಿಸಿಯೆಲ್ಲ ನಿನ್ನ ಮುಖಕ್ಕೇ.

ಕಿಟಕಿ ಮಾತ್ರ ತೆಗೆಯಬೇಡ, ಕುತ್ತಿಗೆ ಹಿಡಿದುಕೊಂಡೀತು.

ಯೆಲಿಸಾವೆತ