ಗಾಲಿಗೆ ಕೊಟ್ಟ ಕಲ್ಲು

ಲಕ್ಷ್ಮೇಶ್ವರ
14 ಜುಲೈ 2024

ಮಗಳೇ ಅಂಕಿತಾ,

ನಿನ್ನ ಅವ್ವನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ನನ್ನ ಹಣೆಗೆ ನಾಲ್ಕು ಹೊಲಿಗೆ ಬಿದ್ದಿವೆ. ಅದೊಂದನ್ನು ಬಿಟ್ಟರೆ ಕ್ಷೇಮ. ಫೋನು ನಿಮ್ಮಪ್ಪನ ದಿಂಬಿನ ಕೆಳಗಿರುತ್ತದೆ, ಅದಕ್ಕೇ ಈ ಕಾಗದ.

ಮುಂಡರಗಿಯ ಶಾಲೆ ಬಿಟ್ಟು ಬರುತ್ತೇನೆ, ಅಪ್ಪನ ಸೇವೆ ಮಾಡುತ್ತೇನೆ, ಅವರ ಗಾಡಿಯನ್ನೂ ಮುಗಿಸಿಕೊಡುತ್ತೇನೆ ಎಂದು ಬರೆದಿದ್ದೀಯಲ್ಲ, ಬರಬೇಡ. ಮುಗಿಸಲು ಗಾಡಿಯೇ ಇಲ್ಲ. ಹಿಂದೆ ಮಂಚ ಹಿಡಿಸುವಷ್ಟು ಉದ್ದದ ಆ ಹಳೆಯ ಅಂಬಾಸಿಡರ್ ಎಸ್ಟೇಟ್ ಎಂಬ ಶನಿಯನ್ನು ಮೊನ್ನೆ ಮಾರಿಬಿಟ್ಟೆ. ನನ್ನ ತವರಿನಿಂದ ಬಂದ ಗಾಡಿ, ಕಾಗದಪತ್ರ ನನ್ನ ಹೆಸರಿನಲ್ಲೇ ಇದ್ದವು.

ಕೊಂಡವರು ಬೆಟಗೇರಿಯ ಖಾಸಿಂಸಾಬರು. ಯಾರೋ ಅರ್ಧಕ್ಕೆ ಬಿಟ್ಟ ಹಳೆ ಗಾಡಿಗಳನ್ನು ಕೊಂಡು ಪೂರ್ತಿ ಮಾಡುವ ಹುಚ್ಚು ಅವರಿಗೆ. ಇದ್ದದ್ದನ್ನು ಇದ್ದಂತೆ ಹೇಳಿದೆ: ಬಲಗಡೆಯ ತಗಡಿನ ಕೆಲಸ ಮುಗಿದಿದೆ, ಎಡಗಡೆಯೆಲ್ಲ ತುಕ್ಕು, ಬಿಚ್ಚಿದ ಇಂಜಿನ್ನಿನ ಸಾಮಾನು ಗೋಣಿಚೀಲದಲ್ಲಿವೆ, ಕೈಬ್ರೇಕು ಇಲ್ಲವೇ ಇಲ್ಲ. "ಕೆಲಸ ಯಾಕ ನಿಲ್ಲಿಸಿದ್ರಿ ಅಕ್ಕಾರ? ಅದನ್ನ ಖರೆ ಹೇಳಾವ್ರು ಭಾಳ ಕಡಿಮಿ" ಎಂದರು. ಮಾಡುವವರ ಕಾಲು ಹೋಯಿತು ಎಂದೆ.

ಗಾಡಿ ಗೇಟು ದಾಟಿದ ಕೂಡಲೇ ನಿಮ್ಮಪ್ಪ ಊರುಗೋಲು ಬೀಸಿದರು. ಕಾಲು ಹೋಗಿದೆಯೇ ಹೊರತು ಕೈ ಹೋಗಿಲ್ಲ. "ನನ್ನ ಕುಂಟ ಮಾಡಿದಾಕಿನ್ನ ನೀ ಉಳಸ್ತೀಯೇನ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅಂದದ್ದು ನಿನ್ನನ್ನೇ. ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನಾನು ಗೇಟು ಹಾಕಿಯೇ ಒಳಗೆ ಬಂದೆ.

ಅವರ ಕಾಲು ಹೋದ ಆ ದಿನವನ್ನು ಒಮ್ಮೆ ನೆನಪು ಮಾಡಿಕೊ. ಗಾಡಿಯ ಮುಂದೆ ಜಾಕು ಏರಿಸಿ, ಉರುಳದಂತೆ ಹಿಂದಿನ ಗಾಲಿಗೆ ಒಡೆದ ಬೀಸುಕಲ್ಲಿನ ಹೋಳು ಕೊಟ್ಟವಳು ನೀನು. ಅವರು ನಟ್ಟು ಬಿಚ್ಚಲು ಹದಿನಾಲ್ಕರ ಪಾನಾ ಕೇಳಿದರು, ನೀನು ಹನ್ನೆರಡರದು ಕೊಟ್ಟೆ. ಅದೇ ಪಾನಾದಿಂದ ನಿನ್ನ ಬಾಯಿಗೆ ಹೊಡೆದರು. ಮುಂದಿನ ಹಲ್ಲು ಮುರಿದು ಫರಸಿಯ ಮೇಲೆ ಬಿತ್ತು. ನೀನು ಬಾಯಿ ತೊಳೆಯಲು ಬಚ್ಚಲಿಗೆ ಹೋದೆ, ಅವರು ಏನೂ ಆಗದವರಂತೆ ಗಾಡಿಯ ಕೆಳಗೆ ಹೊಕ್ಕರು. ಆಮೇಲೆ ಗಾಡಿ ಹಿಂದಕ್ಕೆ ಉರುಳಿತು, ಜಾಕು ಮಗುಚಿತು, ಅಷ್ಟು ಕಬ್ಬಿಣ ಮೊಣಕಾಲಿನ ಮೇಲೆ ಬಿತ್ತು. ಎಲುಬು ಪುಡಿಯಾದ ಸದ್ದು ಮೊದಲು, ಚೀರಾಟ ಆಮೇಲೆ. ಬಾಯಲ್ಲಿ ರಕ್ತ ಇಟ್ಟುಕೊಂಡೇ ಓಡಿ ಬಂದ ನೀನು, "ಅವ್ವಾ, ನಾ ಕಲ್ಲ ಸರಿ ಇಟ್ಟಿರಲಿಲ್ಲೇನ?" ಎಂದು ಕೇಳಿದೆ. ನಾನು ಸೆರಗಿನಿಂದ ನಿನ್ನ ಬಾಯಿ ಒರೆಸಿದೆ.

ಎರಡು ವರ್ಷದಿಂದ ಅವರು ಫೋನಿನಲ್ಲಿ ಬೈದದ್ದನ್ನೆಲ್ಲ ನೀನು ಪ್ರಸಾದದಂತೆ ತೆಗೆದುಕೊಂಡೆ. ಕೇಳಿಸಿಕೊಂಡು ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ನನಗೆ ನಾಚಿಕೆ ಆಗಬೇಕು, ಆಗಿದೆ.

ನೀನು ಶಾಲೆ ಬಿಡಬೇಡ. ಆ ಹಲ್ಲು ಕಟ್ಟಿಸಿಕೊ, ತಡಮಾಡಬೇಡ.

ನಿನ್ನ ಅವ್ವ,
ನೀಲಗಂಗವ್ವ

ತಾ.ಕ.: ಗಾಡಿ ಎತ್ತುವಾಗ ಖಾಸಿಂಸಾಬರು ಗಾಲಿಗೆ ಕೊಡಲು ಕಲ್ಲು ಕೇಳಿದರು. ಇಟ್ಟಿಗೆ ಕೊಟ್ಟೆ. ಬೀಸುಕಲ್ಲಿನ ಹೋಳು ಅಡುಗೆಮನೆಯಲ್ಲೇ ಇದೆ. ನೀನು ಅದನ್ನು ಸರಿಯಾಗಿಯೇ ಇಟ್ಟಿದ್ದೆ, ಮಗಳೇ. ತೆಗೆದವಳು ನಾನು. ನಿಮ್ಮಪ್ಪನಿಗೂ ಗೊತ್ತು, ಗಾಡಿಯ ಕೆಳಗಿನಿಂದ ನನ್ನ ಕಾಲುಂಗುರ ಕಂಡದ್ದನ್ನು ಆಸ್ಪತ್ರೆಯಲ್ಲೇ ನನಗೆ ಹೇಳಿದ್ದರು. ತಪ್ಪು ನಿನ್ನದೆಂಬ ಭಾರದಲ್ಲಿ ನಿನ್ನನ್ನು ಕಟ್ಟಿಹಾಕಲು ಅವರು ಸುಮ್ಮನಾದರು, ಜೈಲಿಗೆ ಹೆದರಿ ನಾನು ಸುಮ್ಮನಾದೆ. ಈ ಕಾಗದ ಹರಿಯಬೇಡ. ಯಾರಾದರೂ ಕೇಳಿದರೆ ತೋರಿಸು.