ಮುದುಕಪ್ಪ ಪಕ್ಕದ ಮನೆಯಲ್ಲಿದ್ದಾನೆ

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಪುಟ್ಟುವಿಗೆ,

ನಿನ್ನ ಭಾವನ ಆಶೀರ್ವಾದಗಳು. ಐವತ್ತು ದಾಟಿದವನನ್ನು ಪುಟ್ಟು ಎನ್ನುತ್ತೇನೆಂದು ಬೇಸರಿಸಬೇಡ. ನಿನ್ನ ಅಕ್ಕ ಇಟ್ಟ ಹೆಸರು, ಬದಲಾಯಿಸಲು ನಾನ್ಯಾರು? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತೆ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಗಡಿಯಾರ ರಿಪೇರಿಗೆ ದಿನಕ್ಕೆ ಇಬ್ಬರು ಬಂದರೆ ಹೆಚ್ಚು. ಉಳಿದ ಹೊತ್ತು ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸುಮ್ಮನೆ ಕೂತಿರುತ್ತೇನೆ.

ಊಟ, ನಿದ್ದೆ ಎಲ್ಲ ಆಗುತ್ತಿದೆ. ನಿನ್ನ ಅಕ್ಕ ಹೋಗಿ ನಾಲ್ಕು ತಿಂಗಳಾದರೂ ನನಗೆ ಅಳು ಬಂದಿಲ್ಲ. ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಕಾಯುತ್ತಿದ್ದೇನೆ.

ಮುಂದಿನ ತಿಂಗಳು ಬಂದಾಗ ಅಕ್ಕನ ಕಳ್ಳಿಗಿಡಗಳಲ್ಲಿ ಅರ್ಧ ಒಯ್ಯುತ್ತೇನೆ ಎಂದು ಬರೆದಿದ್ದೀಯ. ಅದಕ್ಕೇ ಈ ಕಾಗದ. ಇದ್ದದ್ದು ನಲವತ್ತೊಂದು ಕುಂಡ. ಈಗ ಒಂದಿದೆ. ಉಳಿದವನ್ನೆಲ್ಲ ನಾನೇ ಕೊಂದೆ.

ಪ್ರತಿ ಕುಂಡಕ್ಕೂ ಅವಳು ಒಂದು ಚೀಟಿ ಸಿಕ್ಕಿಸಿದ್ದಳಲ್ಲ, ‘ಚಳಿ ಮುಗಿಯುವವರೆಗೆ ನೀರು ಬೇಡ’ ಅಂತ. ಆಸ್ಪತ್ರೆಗೆ ಹೊರಡುವ ಮುಂಚೆ ಕೆಳಗೆ ‘ರೀ, ಕೈ ಮುಗೀತೀನಿ’ ಎಂದೂ ಸೇರಿಸಿದ್ದಳು. ಬರೆದಿಟ್ಟದ್ದನ್ನು ಮೀರಿದವನಲ್ಲ ನಾನು, ನಿನಗೆ ಗೊತ್ತು. ಈ ಚೀಟಿಗಳನ್ನು ಮಾತ್ರ ಮೀರಿದೆ. ಆಸ್ಪತ್ರೆಗೆ ಒಯ್ದಿದ್ದ ಫ್ಲಾಸ್ಕ್ ತುಂಬಿಸಿಕೊಂಡು ದಿನಾ ಬೆಳಿಗ್ಗೆ ತಾರಸಿಗೆ ಹೋಗಿ ಒಂದೊಂದಕ್ಕೂ ನೀರು ಹಾಕಿದೆ. ಪಕ್ಕದ ಮನೆಯ ಟೀಚರಮ್ಮ ಗೋಡೆಯಾಚೆಯಿಂದ ನೋಡಿ, “ಏನ್ ಸಾರ್ ಇದು, ಕಳ್ಳಿಗೆ ಯಾರಾದ್ರೂ ದಿನಾ ನೀರು ಹಾಕ್ತಾರಾ? ಕೊಳೆತು ಹೋಗುತ್ತೆ!” ಎಂದರು. “ಪಾಪ, ಬಾಯಾರಿಕೆ ಆಗಿರುತ್ತೆ,” ಎಂದೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು.

ಮೊದಲು ಹೋದದ್ದು ನೀನು ಲಕೋಟೆಯಲ್ಲಿ ಕಳಿಸಿದ ಬೀಜದಿಂದ ಅವಳು ಎಬ್ಬಿಸಿದ್ದ ಕಲ್ಲುಗಿಡಗಳು. ನೋಡಲು ಥೇಟ್ ಬೆಣಚುಕಲ್ಲು. ಹಳೆಯ ಎಲೆ ತನ್ನ ನೀರನ್ನು ಹೊಸ ಎಲೆಗೆ ಕುಡಿಸಿ ಒಣಗುವಾಗ ಒಂದು ಹನಿಯೂ ಹಾಕಬಾರದು ಎಂದು ಎಷ್ಟು ಸಲ ಹೇಳಿದ್ದಳೋ. ಕುಡಿದು ಕುಡಿದು ಹೊಟ್ಟೆ ಬಿರಿದವು. ಆಮೇಲೆ ಗುಂಡು ಕಳ್ಳಿಗಳು ಬುಡದಲ್ಲಿ ಮೆತ್ತಗಾದವು. ಎತ್ತಲು ಹೋದರೆ ತಿರುಳು ಜಾರಿ ಮುಳ್ಳು ಮಾತ್ರ ಕೈಯಲ್ಲಿ ಉಳಿಯಿತು. ಗಡಿಯಾರದ ಚಿಮಟದಿಂದ ಕಿತ್ತುಕೊಂಡೆ. ನೋವಾಗಲಿಲ್ಲ. ಮಾರನೇ ದಿನ ಮತ್ತೆ ನೀರು ಹಾಕಿದೆ.

ಉಳಿದಿರುವುದು ಮುದುಕಪ್ಪ, ಮೈತುಂಬ ಬಿಳಿ ಕೂದಲಿನ ಆ ಉದ್ದ ಕಳ್ಳಿ. “ನಿಮ್ಮನ್ನೇ ಕುಂಡದಲ್ಲಿ ನಿಲ್ಲಿಸಿದ ಹಾಗಿದೆ, ಕೂದಲು ಮಾತ್ರ ಇವನಿಗೇ ಜಾಸ್ತಿ,” ಎಂದು ನಗುತ್ತಿದ್ದಳು. ಟೀಚರಮ್ಮ ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿ ತಮ್ಮ ಕಿಟಕಿಯಲ್ಲಿಟ್ಟಿದ್ದಾರೆ, ಹಾಗಾಗಿ ಬದುಕಿದೆ. ನೀನು ಅಲ್ಲಿಂದಲೇ ತೆಗೆದುಕೊಂಡು ಹೋಗು. ಕಂಡರೆ ನಾನು ಸುಮ್ಮನಿರಲಾರೆ.

ನಿನ್ನ ಹೆಂಡತಿಯ ಮಂಡಿನೋವು ಬೇಗ ವಾಸಿಯಾಗಲಿ. ಮಕ್ಕಳು ನೂರು ಕಾಲ ಬಾಳಲಿ.

ಇಂತಿ,
ನಿನ್ನ ಭಾವ

ತಾ.ಕ.: ಲಕೋಟೆಗೆ ಅಂಟು ಹಚ್ಚುವವನಿದ್ದೆ, ಆಗಲಿಲ್ಲ. ಅವತ್ತು ಫೋನಿನಲ್ಲಿ ನೀನು, “ಅಕ್ಕ ಕೊನೇಲಿ ಏನಾದ್ರೂ ಕೇಳಿದ್ಳಾ ಭಾವ?” ಎಂದೆ. “ಏನೂ ಕೇಳ್ಲಿಲ್ಲ” ಎಂದೆ ನಾನು. ಕೇಳಿದಳು. ಮಂಚಕ್ಕೆ ‘ಬಾಯಿಗೆ ಏನೂ ಕೊಡಬಾರದು’ ಎಂಬ ಚೀಟಿ ತೂಗುಹಾಕಿದ್ದರು. ಮಧ್ಯಾಹ್ನ, “ಒಂದು ಗುಟುಕು ನೀರು ಕೊಡ್ರೀ,” ಎಂದಳು. ಮೂರು ಸಲ. ಮೂರು ಸಲವೂ ನಾನು ಚೀಟಿ ತೋರಿಸಿದೆ. “ಹೋಗ್ಲಿ ಬಿಡಿ,” ಎಂದು ಆಚೆ ತಿರುಗಿದಳು. ಎಲ್ಲ ಮುಗಿದ ಮೇಲೆ ನರ್ಸ್, “ಒದ್ದೆ ಹತ್ತೀಲಿ ತುಟಿ ಒರೆಸಬಹುದಿತ್ತಲ್ಲ, ಯಾಕೆ ಕೇಳ್ಲಿಲ್ಲ?” ಎಂದಳು. ಫ್ಲಾಸ್ಕ್ ನನ್ನ ತೊಡೆಯ ಮೇಲೇ ಇತ್ತು, ಪುಟ್ಟು. ತುಂಬಿತ್ತು.